ಕೈ ಮೇಲೆ ಗೋಲಿ ಇಟ್ಟುಕೊಂಡು ಕೂತ ಮಕ್ಕಳ ಬಗ್ಗೆ

ಗೋಲಿ ಬೀಳಿಸದೆ ಚಪ್ಪಾಳೆ ಗಿಟ್ಟಿಸಿದ ಮಾನ್ಯ ಮಕ್ಕಳ ಕಲ್ಯಾಣಾಧಿಕಾರಿಗಳೇ,

ಕಳೆದ ವಾರ ನೀವು ತಲೆ ಸವರಿ "ಜಾಣೆ" ಎಂದಿರಲ್ಲ, ಮುಂದಿನ ಸಾಲಿನ ಎರಡು ಜಡೆಯ ಹುಡುಗಿ, ಅವಳು ಈಗ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಅವಳು ನನ್ನ ಅಕ್ಕನ ಮಗಳು. ನೀವು ಅವಳನ್ನು ಹೊಗಳುತ್ತಿದ್ದ ಹೊತ್ತಿಗೆ ಅವಳ ಅಪೆಂಡಿಕ್ಸ್ ಊದಿಕೊಂಡು ಇನ್ನೇನು ಒಡೆಯುವುದರಲ್ಲಿತ್ತು. ಅವಳು ಅಳಲಿಲ್ಲ, ಮುಲುಗಲಿಲ್ಲ, ಮುಖ ಕೂಡ ಕಿವುಚಲಿಲ್ಲ. ಅದನ್ನೇ ನೀವು ಮೈಕ್ ಹಿಡಿದು ಶಿಸ್ತು ಎಂದು ಕರೆದಿರಿ. ಆ ಶಿಸ್ತನ್ನು ಕಲಿಸಿದ, 'ಸಭೆ' ಎಂದು ಕರೆದುಕೊಳ್ಳುವ ಪಂಥಕ್ಕೆ ಮಕ್ಕಳ ವಸತಿ ನಿಲಯ ನಡೆಸಲು ಅನುಮತಿ ಕೊಡುವುದಾಗಿ ಅದೇ ವೇದಿಕೆಯ ಮೇಲೆ ಘೋಷಿಸಿದಿರಿ. ಆ ಅನುಮತಿಗೆ ನೀವು ಸಹಿ ಹಾಕಕೂಡದು. ಇಷ್ಟನ್ನು ಹೇಳಲಿಕ್ಕೇ ಈ ಪತ್ರ. ಉಳಿದದ್ದು ನನ್ನ ಹೊಟ್ಟೆಯುರಿ, ಅದನ್ನೂ ನೀವು ಓದಬೇಕು.

ನಾನು ಮಕ್ಕಳ ಕೂದಲು ಕತ್ತರಿಸುವವಳು. ಪೇಟೆಯಲ್ಲಿ ಒಂದು ಚಿಕ್ಕ ಅಂಗಡಿ, ಎರಡು ಕುರ್ಚಿ, ಒಂದು ಉದ್ದದ ಕನ್ನಡಿ. ನನ್ನ ಗಿರಾಕಿಗಳು ಸುಮ್ಮನೆ ಕೂರುವ ಜಾತಿಯವರಲ್ಲ. ಒಬ್ಬನಿಗೆ ಕಿವಿ ಹತ್ತಿರ ಕತ್ತರಿ ಹೋದರೆ ಕಚಗುಳಿ, ಇನ್ನೊಬ್ಬಳಿಗೆ ನೀರು ಚಿಮುಕಿಸಿದರೆ ಲೋಕವೇ ಮುಳುಗಿತೆಂಬಂತೆ ರಂಪ. ನಿಮ್ಮ ಫೋಟೋ ಪತ್ರಿಕೆಯಲ್ಲಿ ಬಂದ ದಿನವೂ ಅಂಥ ಒಬ್ಬ ಪುಂಡ ನನ್ನ ಕುರ್ಚಿಯಲ್ಲಿದ್ದ. ಅವನ ತಾಯಿ ಪತ್ರಿಕೆಯನ್ನು ಅವನ ಮೂಗಿಗೇ ಹಿಡಿದು, "ನೋಡೋ, ಈ ಮಕ್ಕಳನ್ನ ನೋಡಿ ಕಲ್ತ್ಕೋ. ಐದು ನಿಮಿಷ ಕೂರಕ್ಕೆ ನಿನಗೇನು ಮುಳ್ಳು ಚುಚ್ಚತ್ತಾ?" ಎಂದಳು. ನಾನೂ ಬಗ್ಗಿ ನೋಡಿದೆ. ಸಾಲಾಗಿ ಕೂತ ಮಕ್ಕಳು, ಮಂಡಿಯ ಮೇಲೆ ಕವುಚಿಟ್ಟ ಕೈ, ಪ್ರತಿ ಕೈಯ ಮೇಲೂ ಒಂದು ಗಾಜಿನ ಗೋಲಿ. ನಡುವೆ ನೀವು! ನಿಮ್ಮ ಕೈ ಮೇಲೂ ಗೋಲಿ, ಮುಖದ ತುಂಬ ನಗು. ಕೆಳಗೆ "ಆಟವಾಡುತ್ತಲೇ ಏಕಾಗ್ರತೆ ಕಲಿತ ಮಕ್ಕಳೊಂದಿಗೆ ಅಧಿಕಾರಿಗಳು" ಎಂದು ಬರೆದಿತ್ತು. ಕತ್ತರಿ ನನ್ನ ಕೈಯಲ್ಲೇ ನಿಂತುಹೋಯಿತು. "ಅಮ್ಮಾ, ನಿಮ್ಮ ಮಗ ಒದ್ದಾಡ್ಲಿ ಬಿಡಿ, ಕತ್ತರಿಯೇ ಅವನ ಹಿಂದೆ ಓಡತ್ತೆ" ಎಂದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಆಕೆ.

ಸ್ವಾಮೀ, ಅದು ಆಟವಲ್ಲ. ನಾನು ಆ ಸಭೆಯಲ್ಲೇ ಹುಟ್ಟಿ ಬೆಳೆದವಳು, ಆದ್ದರಿಂದ ಆಟದ ನಿಯಮವನ್ನು ನಿಮಗೆ ತಿಳಿಸುವ ಅರ್ಹತೆ ನನಗಿದೆ. ಪ್ರಾರ್ಥನೆಯ ಕೂಟ ಶುರುವಾಗುವ ಮೊದಲು ಪ್ರತಿ ಮಗುವಿನ ಕೈ ಮೇಲೆ ಗೋಲಿ ಇಡುತ್ತಾರೆ. ಕೂಟ ಮುಗಿಯುವವರೆಗೆ, ಅಂದರೆ ಸುಮಾರು ಮೂರು ಗಂಟೆ ಕಾಲ, ಅದು ಬೀಳಬಾರದು. ಬಿದ್ದರೆ ಸಿಮೆಂಟು ನೆಲದ ಮೇಲೆ ಟಣ್ ಎನ್ನುತ್ತದೆ, ಇಡೀ ಸಭಾಂಗಣ ತಿರುಗಿ ನೋಡುತ್ತದೆ. ಮಗುವಿಗೆ ಯಾರೂ ಬೈಯುವುದಿಲ್ಲ, ಹೊಡೆಯುವುದಂತೂ ಇಲ್ಲವೇ ಇಲ್ಲ. ಅಷ್ಟು ದಯೆ ನಮ್ಮ ಹಿರಿಯರಿಗೆ! ಹೆಂಗಸರ ಸಾಲಿನಲ್ಲಿ ಆ ಮಗುವಿನ ತಾಯಿ ಎದ್ದು ನಿಲ್ಲಬೇಕು, ಅಷ್ಟೆ. ತಲೆ ತಗ್ಗಿಸಿಕೊಂಡು, ಕೂಟ ಮುಗಿಯುವ ತನಕ. ಜ್ವರವಿರಲಿ, ಬಾಣಂತಿಯಾಗಿರಲಿ. ಮಗುವಿಗೆ ಕೂತಲ್ಲಿಂದ ನಿಂತ ಅಮ್ಮ ಕಾಣುವಂತೆಯೇ ಸಾಲುಗಳನ್ನು ಹಾಕಿರುತ್ತಾರೆ. ಯಾವ ಮಗು ತಾನೇ ಎರಡನೇ ಸಲ ಗೋಲಿ ಬೀಳಿಸೀತು? ನಿಮ್ಮ ಇಲಾಖೆಯ ತಜ್ಞರು ಎಷ್ಟು ಶಿಬಿರ ನಡೆಸಿದರೂ ಇಷ್ಟು ಪರಿಣಾಮಕಾರಿಯಾದ ತರಬೇತಿ ಕೊಡಲಾರರು, ಒಪ್ಪುತ್ತೇನೆ.

ಸಭೆಯನ್ನು ಬಿಟ್ಟು ಬಂದವರು ನಾವು ನಾಲ್ಕಾರು ಜನ ವಾರದ ರಜೆಯಂದು ನನ್ನ ಅಂಗಡಿಯ ಷಟರ್ ಅರ್ಧ ಎಳೆದು, ಟೀ ಕುಡಿಯುತ್ತ ಕೂರುತ್ತೇವೆ. ನಮ್ಮಲ್ಲೊಬ್ಬರು ಪ್ಲಂಬರ್. ಪೈಪು ಬಿದ್ದು ಕಾಲ್ಬೆರಳು ಮುರಿದದ್ದು ಅವರ ಹೆಂಡತಿಗೆ ಗೊತ್ತಾದದ್ದು ರಕ್ತ ಮೆತ್ತಿದ ಸಾಕ್ಸು ಒಗೆಯುವಾಗ. "ನನಗೆ ಜ್ವರ ಬಂದಿದೆ ಅಂತ ನಮ್ಮನೇಲಿ ಗೊತ್ತಾಗೋದು ಥರ್ಮಾಮೀಟರ್‌ಗೆ ಮಾತ್ರ" ಎಂದು ಅವರೇ ನಗುತ್ತಾರೆ. ನಾವೂ ಬಿದ್ದು ಬಿದ್ದು ನಗುತ್ತೇವೆ. ಇನ್ನೊಬ್ಬರು ಸಂಗೀತ ಹೇಳಿಕೊಡುವ ಟೀಚರಕ್ಕ. ಅವರದ್ದು ಬೇರೆಯೇ ರಾಗ. "ಏನೇ ಹೇಳ್ರೇ, ಅಲ್ಲಿ ಹಾಡು ಚೆನ್ನಾಗಿತ್ತು. ಅಷ್ಟು ಜನ ಒಂದೇ ಉಸಿರಲ್ಲಿ ಹಾಡೋದನ್ನ ಆಮೇಲೆ ನಾನು ಎಲ್ಲೂ ಕೇಳಿಲ್ಲ" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಅದೂ ನಿಜವೇ. ಅಪ್ಪ ಕಾಲು ಮುರಿದುಕೊಂಡು ಮನೆಯಲ್ಲಿದ್ದಾಗ ನಮ್ಮ ಒಲೆ ಉರಿಯದಿದ್ದರೂ ನಾವು ಉಪವಾಸ ಮಲಗಲಿಲ್ಲ, ಸಭೆಯವರು ಸರದಿಯ ಮೇಲೆ ಊಟ ತಂದುಕೊಟ್ಟರು. ಅವರನ್ನು ರಾಕ್ಷಸರು ಎಂದು ನಾನು ಹೇಳುತ್ತಿಲ್ಲ. ರಾಕ್ಷಸರಾಗಿದ್ದರೆ ಬಿಟ್ಟು ಬರುವುದು ಎಷ್ಟೋ ಸುಲಭವಿತ್ತು.

ಬಿಟ್ಟು ಬಂದವರ ಜೊತೆ ಒಳಗಿರುವವರು ಮಾತಾಡಬಾರದು ಎಂಬುದು ಅಲ್ಲಿಯ ನಿಯಮ. ನಾನು ಹೊರಗೆ ಬಂದ ದಿನದಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಪೇಟೆಯಲ್ಲಿ ಎದುರಾದರೆ ಅಂಗಡಿ ಬೋರ್ಡುಗಳನ್ನು ಓದುತ್ತ ಹೋಗುತ್ತಿದ್ದಳು. ನಿಮ್ಮ ಸಮಾರಂಭದ ಮಾರನೆಯ ದಿನ ಬೆಳಗ್ಗೆ ಅವಳ ಫೋನು ಬಂತು. "ನಾನೇ ಕಣೇ. ಪುಟ್ಟಿಗೆ ಆಪರೇಷನ್ ಅಂತೆ. ನನಗಿಲ್ಲಿ ಯಾರೂ ಗೊತ್ತಿಲ್ಲ" ಎಂದಳು. ಇಡೀ ಸಭಾಂಗಣದ ಜನರನ್ನು ಅಣ್ಣ, ಅಕ್ಕ ಎಂದು ಕರೆಯುವವಳು ಆಡಿದ ಮಾತು ಇದು. ಭಾವ ಎಲ್ಲಿ ಎಂದು ಕೇಳಿದರೆ, ಸಮಾರಂಭದ ಕುರ್ಚಿಗಳನ್ನು ಎತ್ತಿಡಲು ಹೋಗಿದ್ದರಂತೆ. ನಾನು ಕೈಯಲ್ಲಿದ್ದ ಬಾಚಣಿಗೆ ಸಮೇತ ಓಡಿದೆ.

ನಡೆದದ್ದು ಇಷ್ಟು. ಪುಟ್ಟಿಗೆ ಹಿಂದಿನ ದಿನದಿಂದಲೇ ಹೊಟ್ಟೆನೋವು. ಹೇಳಲಿಲ್ಲ. ನಿಮ್ಮ ಭಾಷಣದುದ್ದಕ್ಕೂ ಕೂತಳು, ಗೋಲಿ ಬೀಳಲಿಲ್ಲ. ಸಮಾರಂಭ ಮುಗಿದು ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲೆ ಬಂದು ಕುಸಿದಳು. ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಹೊಟ್ಟೆ ಒತ್ತಿ, "ಇಲ್ಲಿ ನೋವಾ ಮರೀ? ಇಲ್ಲಿ?" ಎಂದು ಕೇಳಿದರು. ಪುಟ್ಟಿ ಅಮ್ಮನ ಮುಖ ನೋಡಿ, "ಇಲ್ಲ" ಎಂದಳು. ಒತ್ತಿದರೂ ಅಳದ ಮಗುವಿಗೆ ಏನಾಗಿದ್ದೀತು? ಬಿಸಿಲಿಗೆ ಸುಸ್ತಾಗಿದೆ ಎಂದು ಮನೆಗೆ ಕಳಿಸಿದರು. ಬೆಳಗಾಗುವ ಹೊತ್ತಿಗೆ ಮೈ ಕೆಂಡ, ಹೊಟ್ಟೆ ಕಲ್ಲು. "ಇನ್ನೊಂದಿಷ್ಟು ತಡವಾಗಿದ್ರೆ ನಮ್ಮ ಕೈಯಲ್ಲೂ ಏನೂ ಇರ್ತಿರಲಿಲ್ಲ. ಈ ಮಗು ಯಾಕೆ ಹೇಳ್ಲಿಲ್ಲ?" ಎಂದು ಆಪರೇಷನ್ ಮಾಡಿದ ಡಾಕ್ಟರಮ್ಮ ನಮ್ಮಿಬ್ಬರ ಮೇಲೂ ರೇಗಿದರು. ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು.

ಮೂರನೆಯ ದಿನ ಪುಟ್ಟಿಯೇ ಹೇಳಿದಳು. ನಾನು ಅವಳ ಸಿಕ್ಕುಗಟ್ಟಿದ ಜಡೆ ಬಿಡಿಸುತ್ತಿದ್ದೆ. "ಚಿಕ್ಕಮ್ಮಾ, ಅಮ್ಮನ ಹೊಟ್ಟೇಲಿ ಪಾಪು ಇದೆ. ಅಮ್ಮನ ಕಾಲು ಊದ್ಕೊಂಡಿದೆ. ಗೋಲಿ ಬಿದ್ದಿದ್ರೆ ಅವಳು ನಿಂತ್ಕೋಬೇಕಾಗ್ತಿತ್ತಲ್ಲಾ?" ಎಂದಳು. ಎರಡನೇ ಜಡೆಗೆ ಕೈ ಹಾಕಿದಾಗ ಇನ್ನೊಂದು ಪ್ರಶ್ನೆ ಕೇಳಿದಳು: "ಆ ದೊಡ್ಡ ಸಾರ್ ಗೋಲಿ ಬಿದ್ದಿದ್ರೆ ಯಾರು ನಿಂತ್ಕೋತಿದ್ರು?"

ಮಾನ್ಯರೇ, ನೀವೇ ಹೇಳಿ. ಯಾರು ನಿಲ್ಲುತ್ತಿದ್ದರು? ನಿಮ್ಮ ತಾಯಿಯವರನ್ನು ಕರೆಸುತ್ತಿದ್ದರೇ? ಎರಡು ನಿಮಿಷ ಗೋಲಿ ಹೊತ್ತದ್ದಕ್ಕೆ ನಿಮಗೆ ಶಾಲು, ಹಾರ, ಚಪ್ಪಾಳೆ. ಆ ಮಕ್ಕಳಲ್ಲಿ ಒಂದನ್ನಾದರೂ ಪಕ್ಕಕ್ಕೆ ಕರೆದು "ಪುಟ್ಟಾ, ಇದು ಬಿದ್ರೆ ಏನಾಗತ್ತೆ?" ಎಂದು ಕೇಳಬೇಕೆಂದು ನಿಮಗೆ ಅನ್ನಿಸಲೇ ಇಲ್ಲವೇ? ನೂರು ಮಕ್ಕಳಿರುವ ಕೋಣೆಯಲ್ಲಿ ಒಂದು ಕೆಮ್ಮು, ಒಂದು ಕಿಸಕ್ಕನೆ ನಗು, "ಟೀಚರ್ ಒಂದಕ್ಕೆ" ಎನ್ನುವ ಒಂದು ದನಿ ಕೂಡ ಕೇಳದಿದ್ದರೆ ಸಾಮಾನ್ಯ ಮನುಷ್ಯರಿಗೆ ಎದೆ ಝಲ್ ಎನ್ನುತ್ತದೆ. ನಿಮಗೆ ಭಾಷಣ ಹೊಳೆಯಿತು. ಮಕ್ಕಳ ಕಲ್ಯಾಣ ಎಂಬ ಫಲಕವನ್ನು ಬಾಗಿಲಿಗೆ ನೇತುಹಾಕಿಕೊಂಡು ಕೂತವರಿಗೆ ಮಕ್ಕಳು ಸದ್ದು ಮಾಡುತ್ತಾರೆ ಎಂಬುದೂ ಗೊತ್ತಿಲ್ಲವೆಂದರೆ ಯಾರ ಹತ್ತಿರ ಹೇಳಿಕೊಳ್ಳೋಣ?

ನಿಮ್ಮ ಹೊಗಳಿಕೆ ಈಗ ಏನು ಕೆಲಸ ಮಾಡುತ್ತಿದೆ ಗೊತ್ತೇ? ಮೊನ್ನೆ ಸಭೆಯ ಮುಖ್ಯಸ್ಥರು, ನಾವು ಹಿರಿಯಣ್ಣ ಎಂದು ಕರೆಯುತ್ತಿದ್ದವರು, ವಾರ್ಡಿಗೆ ಬಂದರು. ನಾನು ಅಲ್ಲೊಂದು ಖಾಲಿ ಕುರ್ಚಿ ಎಂಬಂತೆ ನನ್ನನ್ನು ದಾಟಿ ಹೋಗಿ ಅಕ್ಕನ ಮುಂದೆ ನಿಂತು, "ಸರ್ಕಾರದವರೇ ಮೆಚ್ಚಿದ ಮಗು ತಾಯೀ. ವಸತಿ ನಿಲಯದಲ್ಲಿ ಮೊದಲ ಹಾಸಿಗೆ ಪುಟ್ಟಿಯದೇ. ಇಲ್ಲಿಂದ ಬಿಟ್ಟ ಕೂಡಲೇ ಸೇರಿಸಿಬಿಡಿ" ಎಂದರು. ಭಾವ ಕೈ ಮುಗಿದರು. ಅಂದರೆ ಪುಟ್ಟಿ ಇನ್ನು ವಾರಕ್ಕೆ ಎರಡು ಕೂಟವಲ್ಲ, ಹಗಲೂ ರಾತ್ರಿ ಅವರ ಕೈಯಲ್ಲಿ. ನೋವು ಬಂದರೆ ಮುಖ ನೋಡಿ ಪತ್ತೆಹಚ್ಚಲು ಪಕ್ಕದಲ್ಲಿ ತಾಯಿಯೂ ಇರುವುದಿಲ್ಲ. ಮುಂದಿನ ಸಲ ಅವಳು ಬದುಕುವುದು ಅನುಮಾನ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ನಿನ್ನೆ ನರ್ಸು ಗಾಯದ ಪಟ್ಟಿ ಬದಲಿಸಲು ಬಂದರು. ಅಂಟು ಬಿಡಲಿಲ್ಲ, ಜೋರಾಗಿ ಎಳೆದರು. ಪುಟ್ಟಿ "ಅಮ್ಮಾ, ನೋವೂ!" ಎಂದು ಕಿರುಚಿದಳು. ಅವಳು ಹುಟ್ಟಿದ ಮೇಲೆ ನಾನು ಕೇಳಿದ ಅವಳ ಮೊದಲ ಕೂಗು ಅದು. ನನಗೆ ಕುಣಿಯುವಷ್ಟು ಖುಷಿಯಾಯಿತು. ತಿರುಗಿ ನೋಡಿದರೆ, ಪಕ್ಕದ ಸ್ಟೂಲಿನ ಮೇಲಿದ್ದ ಅಕ್ಕ ಎದ್ದು ನಿಂತಿದ್ದಳು. ತುಂಬಿದ ಬಸುರಿ, ಊದಿದ ಕಾಲು, ತಲೆ ತಗ್ಗಿಸಿ, ಕೈ ಕಟ್ಟಿ. ಅಲ್ಲಿ ಸಭೆಯವರು ಒಬ್ಬರೂ ಇರಲಿಲ್ಲ. "ಅಕ್ಕಾ, ಕೂತ್ಕೊಳೇ" ಎಂದೆ. ಕೂರಲಿಲ್ಲ. ಬೈದೆ, ಅತ್ತೆ, ತೋಳು ಹಿಡಿದು ಎಳೆದೆ. "ನೀನು ಹೇಳಿದ್ರೆ ಆಗಲ್ಲ ಕಣೇ" ಎಂದಳು. ಎಷ್ಟು ಮೆಲ್ಲಗೆ ಹೇಳಿದಳು!

ಅವಳ ಮಾತು ಸರಿ. ಹೇಳುವ ಅಧಿಕಾರ ನನಗಿಲ್ಲ, ನಿಮಗಿದೆ. ಆದ್ದರಿಂದ ಆ ಅನುಮತಿಯನ್ನು ತಡೆಹಿಡಿಯಿರಿ, ಮುಂದಿನ ಕೂಟಕ್ಕೆ ಹಾರ, ಶಾಲು, ಫೋಟೋದವರು ಯಾರೂ ಇಲ್ಲದೆ, ಹೇಳದೆ ಕೇಳದೆ ಹೋಗಿ ನೋಡಿ. ಅದಕ್ಕೂ ಮೊದಲು, ಪುಟ್ಟಿಯನ್ನು ಮನೆಗೆ ಕಳಿಸುವುದರೊಳಗೆ, ಆಸ್ಪತ್ರೆಗೆ ಬನ್ನಿ. ಅವಳನ್ನು ಹೊಗಳಬೇಡಿ, ಯಾವ ಪ್ರಶ್ನೆಯನ್ನೂ ಕೇಳಬೇಡಿ. ಹಾಸಿಗೆಯ ಪಕ್ಕ ನನ್ನ ಅಕ್ಕ ನಿಂತಿರುತ್ತಾಳೆ. ಅವಳಿಗೆ ಕೂರಲು ಹೇಳಿ.

ಇಂತಿ,
ನಿಮ್ಮ ಕೈಯಿಂದ ತಲೆ ಸವರಿಸಿಕೊಳ್ಳುವ ಭಾಗ್ಯ ಸ್ವಲ್ಪದರಲ್ಲಿ ತಪ್ಪಿದ,
ಇವತ್ತಿಗೂ ಎಲ್ಲಿ ನೋವೆಂದು ಕೇಳಿದರೆ ಮೊದಲು ಎದುರಿನವರ ಮುಖ ನೋಡುವ,
ಒಬ್ಬ ಚಿಕ್ಕಮ್ಮ