ನನ್ನ ಪಡಸಾಲೆಯಲ್ಲಿ ನನಗೇ ಇಲ್ಲದ ಮತ

ಹಂಟರ್‌ಡನ್ ಕೌಂಟಿ, ನ್ಯೂಜೆರ್ಸಿ
೧೮೦೮ನೇ ಇಸವಿ, ನವೆಂಬರ್ ೧೨

ತಮ್ಮಾ ಜೊನಾಸ್,

ನಿನ್ನ ಮಂಡಿನೋವು ಹೇಗಿದೆ? ಟ್ರೆಂಟನ್ನಿನ ಚಳಿ ನಿನಗೆ ಆಗಿಬರುವುದಿಲ್ಲ, ಉಣ್ಣೆಬಟ್ಟೆ ಸುತ್ತಿಕೊಂಡೇ ಮಲಗು. ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಕೇಳದೆ ಇರಲಾರೆ. ಕೇಳಿದ್ದಾಯಿತು. ಇನ್ನು ಬೈಯುತ್ತೇನೆ.

ಹೋದ ವಾರ ಹೊಸ ಅಧ್ಯಕ್ಷರ ಚುನಾವಣೆ. ಎಂದಿನಂತೆ ಮತದ ಪೆಟ್ಟಿಗೆಯನ್ನು ನನ್ನ ಖಾನಾವಳಿಯ ಪಡಸಾಲೆಯಲ್ಲೇ ಇಟ್ಟಿದ್ದರು. ನನ್ನಂಥ ಆಸ್ತಿಯುಳ್ಳ ವಿಧವೆಯರಿಗೆ ಇದ್ದ ಮತವನ್ನು ನೀನು ಸದಸ್ಯನಾಗಿರುವ ಶಾಸನಸಭೆ ಹೋದ ವರ್ಷ ಕಿತ್ತುಕೊಂಡದ್ದು ನನಗೆ ಗೊತ್ತಿತ್ತು. ಎಲ್ಲೋ ಯಾರೋ ಗಂಡಸರು ಲಂಗ ಉಟ್ಟು ಎರಡೆರಡು ಸಲ ಮತ ಹಾಕಿದರಂತೆ. ಕಳ್ಳತನ ಮಾಡಿದವರು ಅವರು, ಬಾಗಿಲು ಹಾಕಿದ್ದು ನಮ್ಮ ಮುಖಕ್ಕೆ! ಆದರೂ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮನೆಯೊಳಗೆ ನನಗೆ 'ಇಲ್ಲ' ಅನ್ನುವ ಧೈರ್ಯ ಯಾರಿಗಿದೆ ನೋಡೋಣ ಅಂತ. ನನ್ನ ಮುಂದೆ ಕಮ್ಮಾರ ಪ್ರೈಮಸ್ ನಿಂತಿದ್ದ. ಇಂಗ್ಲೆಂಡಿನ ದೊರೆಯ ವಿರುದ್ಧದ ಯುದ್ಧದಲ್ಲಿ ಎಡಗಿವಿ ಕಳೆದುಕೊಂಡವನು. ಕರಿಯರಿಗೂ ಇನ್ನು ಮತವಿಲ್ಲ ಎಂದು ಅವನನ್ನು ಪಕ್ಕಕ್ಕೆ ಸರಿಸಿದರು. ಅವನು ಟೋಪಿ ತೆಗೆಯಲಿಲ್ಲ, ಅಲ್ಲೇ ಗೋಡೆಗೆ ಒರಗಿ ನಿಂತ.

ಪೆಟ್ಟಿಗೆ ಕಾಯುತ್ತಿದ್ದವನು ನಮ್ಮ ಹಿಟ್ಟಿನ ಗಿರಣಿಯ ಕೊರ್ನೀಲಿಯಸ್. "ಅಕ್ಕಾ, ನಿಮಗ್ಯಾಕೆ ಈ ತಾಪತ್ರಯ? ಒಳಗೆ ಹೋಗಿ, ಜನಕ್ಕೆ ಬಿಸಿ ಸೇಬಿನ ಸೈಡರ್ ಕೊಡಿ" ಅಂದ.

"ಈ ಮನೆ ಯಾರದ್ದೋ?" ಅಂದೆ.

"ನಿಮ್ದೇ."

"ತೆರಿಗೆ ಕಟ್ಟೋರು?"

"ನೀವೇ."

"ನಾಲ್ಕು ವರ್ಷದ ಹಿಂದೆ ಇದೇ ಪೆಟ್ಟಿಗೆಗೆ ಮತ ಹಾಕಿದೋಳು?"

ಅವನು ತಲೆ ಕೆರೆದುಕೊಂಡ. ಹಿಂದಿನಿಂದ ಯಾರೋ, "ಹೆಂಗಸ್ರು ದೇಶ ಆಳೋಕೆ ಹೋದ್ರೆ ಒಲೆ ಮೇಲಿನ ರೊಟ್ಟಿ ಸೀದುಹೋಗುತ್ತೆ!" ಎಂದು ಕೂಗಿದ. ಎಲ್ಲರೂ ನಕ್ಕರು. ಕೊರ್ನೀಲಿಯಸನಿಗೂ ಆಗ ಧೈರ್ಯ ಬಂತು. "ನನ್ನ ಮೇಲ್ಯಾಕೆ ರೇಗ್ತೀರಿ? ಆ ಕಾನೂನಿಗೆ ನಿಮ್ಮ ತಮ್ಮನೇ ಹೂಂ ಅಂದಿದ್ದು. ಹೋಗಿ ಅವರನ್ನೇ ಕೇಳಿ!" ಅಂದುಬಿಟ್ಟ.

ಜೊನಾಸ್, ಕ್ರಿಸ್‌ಮಸ್ಸಿಗೆ ಬಂದವನು ನನ್ನ ಕೈಯಡುಗೆ ಉಣ್ಣುತ್ತಾ ಏನಂದಿದ್ದೆ? "ನಾನು ಎಷ್ಟು ಬಡಕೊಂಡೆ ಅಕ್ಕಾ, ಯಾರೂ ಕೇಳಲಿಲ್ಲ" ಅಂದಿದ್ದೆ. ಪಾಪ, ಒಬ್ಬನೇ ಹೋರಾಡಿದ ಎಂದು ಮರುಗಿ ನಿನ್ನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದ್ದೆ. ಅದು ನಿನ್ನ ಗಂಟಲಲ್ಲಿ ಹೇಗೆ ಇಳಿಯಿತೋ!

ನನಗೆ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋಗಿ, ಸಗಣಿ ಹೇರಿದ್ದ ಗಾಡಿಯ ಮೇಲೆ ಕುಕ್ಕಿದೆ. "ಇದು ಗಂಡಸರ ದೇಶ ತಾನೇ? ಹಾಗಾದ್ರೆ ಗಂಡಸರ ಬೀದಿಯಲ್ಲೇ ನಡೀಲಿ. ನನ್ನ ಸೂರು, ನನ್ನ ಬೆಂಕಿ, ನನ್ನ ಸೈಡರ್ ಯಾವುದೂ ಇಲ್ಲ" ಅಂದೆ. ಪ್ರೈಮಸ್ ಒಬ್ಬನನ್ನು ಮಾತ್ರ ಒಲೆಯ ಹತ್ತಿರ ಕೂರಿಸಿ, ಉಳಿದವರನ್ನೆಲ್ಲ ಅಟ್ಟಿ ಬಾಗಿಲು ಜಡಿದೆ. ಹೊರಗೆ ಆಲಿಕಲ್ಲು ಮಳೆ ಶುರುವಾಯಿತು. ನಿನ್ನ ಗಂಡಸರು ನಡುಗುತ್ತಾ ಮತ ಹಾಕಿದರು. ಗೆದ್ದೆ ಅಂತ ನನಗೇನೂ ಅನ್ನಿಸಲಿಲ್ಲ. ಅವರು ಹಾಕಿದರು, ನಾನು ಹಾಕಲಿಲ್ಲ, ಅಷ್ಟೇ. ಪ್ರೈಮಸ್ ಬಟ್ಟಲು ಕೆಳಗಿಟ್ಟು, "ಅಮ್ಮಾ, ಆ ಕಿವಿ ನಾನು ಯಾರಿಗೋಸ್ಕರ ಕೊಟ್ಟೆ?" ಎಂದು ಕೇಳಿದ. ಅವನ ಬಟ್ಟಲನ್ನು ಮತ್ತೆ ತುಂಬಿಸಿದೆ. ಅದಕ್ಕೆ ಉತ್ತರ ನಿನ್ನಲ್ಲಿದ್ದರೆ ಬರೆದು ಕಳಿಸು.

ದೇವರು ನಿನ್ನ ಮಂಡಿಯನ್ನು ನೆಟ್ಟಗೆ ಮಾಡಲಿ. ಬೆನ್ನುಮೂಳೆಯನ್ನೂ.

ಇಂತು, ಇನ್ನೂ ನಿನ್ನ ಅಕ್ಕನೇ ಆಗಿರುವ
ಮೆಹಿಟಬೆಲ್

ಮರೆತಿದ್ದೆ: ನಿನ್ನೆಯ ಗಾಡಿಗೆ ನಿನ್ನ ಮಗಳು ಲಿಡಿಯಾ ಬಟ್ಟೆಬರೆಯ ಪೆಟ್ಟಿಗೆ ಸಮೇತ ಬಂದಿಳಿದಿದ್ದಾಳೆ. "ಅಪ್ಪ ನಿಮಗೆ ಸುಳ್ಳು ಹೇಳಿದ್ದು ಇಲ್ಲಿಂದ ಬಂದ ಗಾಡಿಯವನ ಬಾಯಿಂದ ಗೊತ್ತಾಯ್ತು ಅತ್ತೆ, ಇನ್ನು ಆ ಮನೇಲಿ ಇರಲ್ಲ" ಅನ್ನುತ್ತಾಳೆ. ಕರೆದೊಯ್ಯಲು ಆಳನ್ನು ಕಳಿಸಬೇಡ, ಅವನ ಜೊತೆ ನಾನು ಅವಳನ್ನು ಕಳಿಸಲ್ಲ. ನೀನೇ ಬಾ, ಅವಳ ಕಣ್ಣಲ್ಲಿ ಕಣ್ಣಿಟ್ಟು ಯಾಕೆ ಹೂಂ ಅಂದೆ ಅಂತ ಹೇಳು.