ಬುಟ್ಟಿಯಲ್ಲಿ ಏರುವ ಫೋನು

ಅಕ್ಕಾ,

ಹತ್ತನೆಯ ತರಗತಿಯಲ್ಲಿ ನಾನು ಫೇಲಾಗಲಿಲ್ಲ, ಪರೀಕ್ಷೆಗೇ ಹೋಗಿರಲಿಲ್ಲ. ಆರು ವರ್ಷ ಬಚ್ಚಿಟ್ಟೆ, ಬೈದುಕೋ.

ನನ್ನ ಕೋಣೆಗೆ ಸಿಗ್ನಲ್ ಇಲ್ಲ. ಮೇಲಿನ ಮನೆಯ ದರ್ಜಿ ಅಜ್ಜಿ ತರಕಾರಿ ಬುಟ್ಟಿ ಇಳಿಬಿಡುತ್ತಾರೆ, ನಾನು ಫೋನಿಟ್ಟರೆ ತಮ್ಮ ಕಿಟಕಿಗೆ ಎಳೆದುಕೊಳ್ಳುತ್ತಾರೆ. ಅಲ್ಲಿಂದ ನನ್ನ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬರುತ್ತದೆ! “ಇವತ್ತು ನಿನ್ನ ಫೋನನ್ನೂ ಸೊಪ್ಪಿನ ಜೊತೆ ಬೇಯಿಸಿಬಿಡ್ತಿದ್ದೆ ಕಣಪ್ಪಾ” ಅಂದರು ನಿನ್ನೆ.

ಅಂಗಡಿ ಬೋರ್ಡುಗಳ ಅಕ್ಷರಗಳನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿ, ದೂರದೂರಿನ ಬೋರ್ಡು ಕಾರ್ಖಾನೆಯ ಯಜಮಾನರಿಗೆ ಕಳಿಸುವುದು ನನ್ನ ಕೆಲಸ. ನಡುವೆ ನಿನ್ನ ಕರೆ ಬಂದರೆ ನೆಟ್ ಕಡಿದುಹೋಗುತ್ತದೆ, ಅದಕ್ಕೇ ಫೋನು ಬಿಟ್ಟು ಈ ಅಂಚೆ ಕಾರ್ಡು. ಕಾಯಂ ಮಾಡಿಕೊಳ್ಳಲು ಯಜಮಾನರು ಅಂಕಪಟ್ಟಿ ಕೇಳಿದರು. ನಿಜವನ್ನೇ ಹೇಳಿದೆ. “ಬೋರ್ಡು ಓದೋರು ನಿನ್ನ ಅಂಕ ಕೇಳ್ತಾರೇನೋ? ಬಾ ಇಲ್ಲಿಗೆ” ಅಂದರು.

ಹೋದ ವಾರ ಬಂದಿದ್ದ ಜ್ವರ ಬಿಟ್ಟಿದೆ. ಅವರ ಕಾರ್ಖಾನೆಗೆ ನಾಳೆ ಹೊರಡುತ್ತೇನೆ.

ನಿನ್ನ ತಮ್ಮ