ಒಂದಡಿ ಹೆಚ್ಚು

ನವೆಂಬರ್ 2, ಭಾನುವಾರ

ಬೆಳಿಗ್ಗೆ ಆರೂವರೆ ಬಸ್ಸು. ತೆರಕಣಾಂಬಿವರೆಗೆ ನಿಂತೇ ಹೋದೆ. ಚಾಮರಾಜನಗರದಲ್ಲಿ ಕಂಟ್ರಾಕ್ಟರ್ ಲೈಸೆನ್ಸ್ ಪರೀಕ್ಷೆಯ ಕ್ಲಾಸು, ಇದು ನಾಲ್ಕನೇ ವಾರ. ಹದಿನೆಂಟು ಜನ. ನರೆತ ಮೀಸೆ ನನ್ನದೊಂದೇ.

ಪಾಠ ಮಾಡುವ ನಯನಾ ಮೇಡಂ ಅಂದರು — "ಲೆಕ್ಕ ಸರಿ ನೀಲಕಂಠಸ್ವಾಮಿಯವರೇ, ಆದ್ರೆ ಬರೆಯೋದು ತುಂಬಾ ನಿಧಾನ. ದಿನಾ ಅರ್ಧ ಪುಟ ಏನಾದ್ರೂ ಬರೀರಿ. ಕೈ ಓಡ್ಬೇಕು."

ಅದಕ್ಕೇ ಈ ನೋಟ್‌ಬುಕ್ಕು. ಗಾರೆ ಕರಣೆ ಹಿಡಿದ ಕೈ, ಪೆನ್ನು ಜಾರುತ್ತದೆ. ಏನು ಬರೆಯಬೇಕೋ ಗೊತ್ತಿಲ್ಲ. ಮಧ್ಯಾಹ್ನ ಹೋಟೆಲಿನಲ್ಲಿ ಉಪ್ಪಿಟ್ಟು ತಿಂದೆ. ಚೆನ್ನಾಗಿರಲಿಲ್ಲ.

ನವೆಂಬರ್ 5, ಬುಧವಾರ

ಇಪ್ಪತ್ತೆರಡು ವರ್ಷದ ಗಾರೆ ಕೆಲಸ. ಗುಂಡ್ಲುಪೇಟೆ ಸುತ್ತ ನಲವತ್ತು ಮನೆ ಎಬ್ಬಿಸಿದ್ದೇನೆ. ಎಲ್ಲದರ ಮುಂದೆಯೂ ಬೇರೆ ಕಂಟ್ರಾಕ್ಟರರ ಬೋರ್ಡು. ಬದನಗುಪ್ಪೆಯಲ್ಲಿ ಹೊಸ ಫ್ಯಾಕ್ಟರಿ ಏಳುತ್ತಿದೆ. ಲೈಸೆನ್ಸ್ ಇಲ್ಲದವನಿಗೆ ಕಾಂಪೌಂಡ್ ಗೋಡೆಯನ್ನೂ ಕೊಡುವುದಿಲ್ಲವಂತೆ. ಪಾಸಾದರೆ ನನ್ನದೇ ಹೆಸರಿನ ಬೋರ್ಡು. ನನ್ನ ಹೆಂಡತಿ ಪುಟ್ಟಮಲ್ಲಿ ಇದ್ದಿದ್ದರೆ ಅದಕ್ಕೆ ಯಾವ ಬಣ್ಣ ಅಂತ ಇಷ್ಟೊತ್ತಿಗೆ ಜಗಳ ಶುರು ಮಾಡಿರುತ್ತಿದ್ದಳು. ಅವಳು ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ.

ಕೆಲಸದ ಹತ್ತಿರ ಚಿಕ್ಕಮಾದು ರೇಗಿಸಿದ. ಭೀಮನಬೀಡಿನವನು, ಹತ್ತು ವರ್ಷದಿಂದ ನನಗೆ ಗಾರೆ ಕಲಸಿಕೊಡುವವನು.

"ಈ ವಯಸ್ನಲ್ಲಿ ನಿಂಗ್ಯಾಕಣ್ಣ ಪರೀಕ್ಸೆ? ಸುಮ್ಕೆ ಮನೇಲಿ ಇದ್ಬುಡು."

"ಮನೇಲಿ ಕುಂತ್ಕಂಡು ಏನ್ಲಾ ಮಾಡ್ಲಿ? ಗೋಡೆ ನೋಡ್ಲಾ?"

ಅವನು ಬಾಣಲಿ ಎತ್ತಿಕೊಂಡು ಆಚೆ ಹೋದ. ನಾನೂ ಅಷ್ಟು ಜೋರಾಗಿ ಹೇಳಬಾರದಿತ್ತು.

ನವೆಂಬರ್ 16, ಭಾನುವಾರ

ಮಾಡೆಲ್ ಟೆಸ್ಟ್. ಮಾನ ಹೋಯಿತು.

ಪ್ಲಾನಿನಲ್ಲಿ ರೂಮು ಹತ್ತಡಿ, ಹನ್ನೆರಡಡಿ. ನಾನು ಬರೆದದ್ದು ಹತ್ತು, ಹನ್ನೆರಡೂವರೆ. ಅಲ್ಲಿಂದ ಮುಂದೆ ಇಟ್ಟಿಗೆ, ಸಿಮೆಂಟು, ಎಲ್ಲವೂ ತಪ್ಪು.

"ಈ ಅರ್ಧ ಅಡಿ ಎಲ್ಲಿಂದ ಬಂತು?"

"ಆಯಕ್ಕೆ ಮೇಡಂ."

ಹುಡುಗರು ನಕ್ಕರು. ಮೇಡಂ ನಗಲಿಲ್ಲ, ಏನು ಹಾಗಂದರೆ ಅಂತ ಕೇಳಿದರು. ಹೇಳಿದೆ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಬೆಸ ಉಳಿದರೆ ಮನೆಗೆ ಒಳ್ಳೆಯದು. ಸಮ ಉಳಿದರೆ, ಇಲ್ಲ ಏನೂ ಉಳಿಯದಿದ್ದರೆ, ಕೆಟ್ಟದ್ದು. ಹತ್ತು ಹನ್ನೆರಡಲಿ ನೂರಿಪ್ಪತ್ತು, ಏನೂ ಉಳಿಯುವುದಿಲ್ಲ. ಕಾಗೆ ಆಯ. ಅರ್ಧ ಅಡಿ ಸೇರಿಸಿದರೆ ಐದು ಉಳಿದು ವೃಷಭ. ಬೇಕಂತ ಸೇರಿಸಿದ್ದಲ್ಲ. ಕೈ ತಾನೇ ಸೇರಿಸಿಬಿಟ್ಟಿತ್ತು.

"ಪೇಪರ್ ಮೇಲಿನ ಮನೇಲಿ ಯಾರೂ ವಾಸ ಮಾಡಲ್ಲ ಸಾರ್," ಅಂದರು ಮೇಡಂ, ಮೆತ್ತಗೆ. "ಇರೋದನ್ನ ಬರೀರಿ, ಸಾಕು."

ನವೆಂಬರ್ 18, ಮಂಗಳವಾರ

ಹತ್ತು ಪ್ಲಾನ್ ಅಭ್ಯಾಸ ಮಾಡಿದೆ. ನಾಲ್ಕರಲ್ಲಿ ಮತ್ತೆ ಇಂಚು ತಿದ್ದಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೇ ತಿದ್ದಲು ಹೊರಟವನು. ಹೀಗಾದರೆ ಫೇಲು, ಖಂಡಿತ.

ಡಿಸೆಂಬರ್ 4, ಗುರುವಾರ

ಹದಿನಾರು ದಿನ ಬರೆಯಲಿಲ್ಲ. ಮೊನ್ನೆ ಪುಟ್ಟಮಲ್ಲಿಯ ವರ್ಷದ ಪೂಜೆ. ಬಂದವರು ಉಂಡು ಹೋದರು. ಪಾತ್ರೆ ತೊಳೆದು ಕೂತೆ.

ಬರೆದೇಬಿಡುತ್ತೇನೆ. ಯಾರು ಓದುತ್ತಾರೆ.

ನಮ್ಮ ಈ ಮನೆಗೆ ನಾನು ಇಟ್ಟಿದ್ದ ಅಳತೆ ಹತ್ತೊಂಬತ್ತು, ಇಪ್ಪತ್ತೇಳು. ಒಂದು ಉಳಿಯುತ್ತದೆ. ಧ್ವಜಾಯ, ಅದಕ್ಕಿಂತ ಒಳ್ಳೆಯದಿಲ್ಲ. ಪಾಯಕ್ಕೆ ದಾರ ಕಟ್ಟುವಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ಅವಳೇ.

"ಅಡ್ಗೆಮನೆ ಇನ್ನೊಂದಡಿ ಉದ್ದ ಮಾಡ್ಬುಡಿ ಕಣ್ರೀ. ಮುದ್ದೆ ತಿರುವ್ವಾಗ ಮೊಣಕೈ ಗೋಡೆಗೆ ತಗಲ್ತದೆ."

"ಆಯ ಕೆಡ್ತದೆ ಕಣಮ್ಮಿ."

"ಆಯ ಬಂದು ಮುದ್ದೆ ತಿರುವ್ತದಾ?"

ನಕ್ಕುಬಿಟ್ಟೆ. ಗೂಟ ಕಿತ್ತು ಒಂದಡಿ ಆಚೆ ಹೊಡೆದೆ. ಇಪ್ಪತ್ತೆಂಟು. ಉಳಿದದ್ದು ನಾಲ್ಕು. ನಾಯಿ ಆಯ. ನಲವತ್ತು ಮನೆಯಲ್ಲಿ ಮಾಡದ ತಪ್ಪನ್ನು ನನ್ನ ಮನೆಯಲ್ಲೇ, ಗೊತ್ತಿದ್ದೂ ಮಾಡಿದೆ.

ಗೃಹಪ್ರವೇಶವಾಗಿ ಹದಿನಾಲ್ಕು ತಿಂಗಳಿಗೆ ಅವಳಿಗೆ ಕಾಮಾಲೆ. ಹನ್ನೊಂದೇ ದಿನ. ಡಾಕ್ಟರು ಲಿವರ್ ಅಂದರು. ನಾನು ಆ ಒಂದಡಿ ಅಂದುಕೊಂಡೆ. ಇವತ್ತಿಗೂ ಅದನ್ನೇ ಅಂದುಕೊಳ್ಳುತ್ತೇನೆ. ಕಾಗದದ ಮೇಲೂ ಕೆಟ್ಟ ಆಯ ಬರೆಯಲು ಕೈ ಬಾರದಿರುವುದು ಅದಕ್ಕೇ.

ಡಿಸೆಂಬರ್ 14, ಭಾನುವಾರ, ಮಧ್ಯಾಹ್ನ ಎರಡು

ಚಾಮರಾಜನಗರ ಬಸ್ ಸ್ಟ್ಯಾಂಡ್. ಪರೀಕ್ಷೆ ಮುಗಿಯಿತು.

ಕೊನೆಯ ಪ್ರಶ್ನೆ, ಇಪ್ಪತ್ತೈದು ಮಾರ್ಕ್ಸ್. ಇಪ್ಪತ್ತು, ಮೂವತ್ತರ ಮನೆ. ಆರುನೂರು. ಏನೂ ಉಳಿಯುವುದಿಲ್ಲ — ಕಾಗೆ. ಕೈ ಇಂಚು ತಿದ್ದಲು ಹೊರಟಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ಇರುವುದನ್ನು ಬರೆದೆ. ಮೂವತ್ತು ಅಂದರೆ ಮೂವತ್ತು. ಇಟ್ಟಿಗೆ, ಮರಳು, ಕಬ್ಬಿಣ... ಕೈ ಓಡಿತು. ಬರೆಯುತ್ತಾ ಬರೆಯುತ್ತಾ ಕಾಗೆ ಹೋಗಿ ಆರುನೂರು ಬರೀ ಸಂಖ್ಯೆಯಾಯಿತು.

ಪಾಸಾಗುತ್ತೇನೆ. ಗೋಡೆ ನೆಟ್ಟಗೆ ಬಂದರೆ ಕಣ್ಣಿಗೇ ಗೊತ್ತಾಗುತ್ತದಲ್ಲ, ಹಾಗೆ.

ಅದೇ ದಿನ, ಸಂಜೆ ಐದೂವರೆ

ಮನೆ. ಚಿಕ್ಕಮಾದುಗೆ ಫೋನ್ ಮಾಡಿದೆ. "ಬರ್ದ್ಬುಟ್ಟೆ ಕಣ್ಲಾ." "ಸ್ವೀಟ್ ಕೊಡ್ಸಣ್ಣ," ಅಂದ. ಅಷ್ಟೇ. ಇನ್ನು ಹೇಳುವುದಕ್ಕೆ ಯಾರೂ ಇಲ್ಲ.

ಅಡುಗೆ ಮನೆ ಅಳೆದೆ. ಟೇಪಿನ ತುದಿ ಹಿಡಿಯುವವರಿಲ್ಲ, ಮೊಳೆಗೆ ಸಿಕ್ಕಿಸಿದೆ. ಆ ಒಂದಡಿ ಅಲ್ಲೇ ಇದೆ. ಒಲೆ ಮುಂದೆ ನಿಂತು ಮುದ್ದೆ ತಿರುವಿದೆ. ಮೊಣಕೈ ಗೋಡೆಗೆ ತಗಲಲಿಲ್ಲ. ಅವಳು ಹೇಳಿದ್ದು ಸರಿ.

ಎರಡು ವರ್ಷ ತಪ್ಪು ನನ್ನದು ಅಂತ ಹಿಡಿದುಕೊಂಡಿದ್ದೆ. ಬೇರೆ ಯಾರೂ ಇಲ್ಲದ ಮನೆಯಲ್ಲಿ ಅದೊಂದು ಜೊತೆಗಿತ್ತು. ಇವತ್ತು ಅದೂ ಇಲ್ಲ. ಆಯದಿಂದ ಅಲ್ಲ, ಈ ಒಂದಡಿಯಿಂದಲೂ ಅಲ್ಲ ಅಂದಮೇಲೆ, ಪುಟ್ಟಮಲ್ಲಿ, ಮತ್ತೆ ನೀನು ಯಾಕೆ —